ಮೈಸೂರು ಪೇಟ: ಉಡುಗೆಯಿಂದ ಉಪಚಾರಕ್ಕೆ

ಪುರುಷರ ಉಡುಪಿನಲ್ಲಿ ಕೆಲವು ವಸ್ತುಗಳು ಉಳಿದರೂ ಅವುಗಳ ಅರ್ಥವು ಮಾರ್ಪಡುವುದುಂಟು. ಮೈಸೂರು ಪೇಟವು ಇದಕ್ಕೊಂದು ನಿದರ್ಶನ. ಸರ್ ಎಂ. ವಿಶ್ವೇಶ್ವರಯ್ಯನವರ (1861–1962) ಭಾವಚಿತ್ರಗಳಲ್ಲಿ ಪಾಶ್ಚಾತ್ಯ ರೀತಿಯ ಕೋಟಿನೊಡನೆ ಜರಿಯಂಚಿನ ಪೇಟವನ್ನು ಕಾಣುತ್ತೇವೆ. ಮೈಯುಡುಗೆಯು ಬದಲಾದ ಮೇಲೂ ತಲೆಯುಡುಗೆಯು ನಿಂತಿತು. ಸಭೆಯಲ್ಲಿ ಬರಿತಲೆಯಿಂದಿರುವುದು ಅಂದು ಮರ್ಯಾದೆಯೆನಿಸುತ್ತಿರಲಿಲ್ಲ. ಬರಿತಲೆಯೇ ರೂಢಿಯಾದಂತೆ ಪೇಟವು ದಿನಬಳಕೆಯಿಂದ ಸರಿದು ಸನ್ಮಾನದ ವೇದಿಕೆಯನ್ನೇರಿತು. ಉದ್ದನೆಯ ವಸ್ತ್ರವನ್ನು ನೆರಿಗೆಹಿಡಿದು ಸುತ್ತುವುದಕ್ಕೆ ಬದಲಾಗಿ, ಮೊದಲೇ ಕಟ್ಟಿ ಹೊಲಿದ ಪೇಟವನ್ನು ಅತಿಥಿಯ ತಲೆಗೆ ತೊಡಿಸುವುದು ಈಗಿನ ವಾಡಿಕೆ. ತಾನೇ ಧರಿಸುತ್ತಿದ್ದ ಘನತೆಯ ಗುರುತು ಹೀಗೆ ಪರರು ಸಲ್ಲಿಸುವ ಗೌರವದ ಗುರುತಾಯಿತು.

ಪೇಟವು ಉಳಿದಿದೆ, ಅದನ್ನು ಸುತ್ತುವ ಕೈವಿದ್ಯೆಯು ವಿರಳವಾಗುತ್ತಿದೆ. ಭಾವಚಿತ್ರವು ರೂಪವನ್ನು ಉಳಿಸಬಲ್ಲುದು, ಕಟ್ಟುವ ಕ್ರಮವನ್ನಲ್ಲ. ಬಲ್ಲ ಹಿರಿಯರಿಂದ ಅದನ್ನು ಕೇಳಿ, ನೋಡಿ, ಬರೆದಿಡುವ ಕಾರ್ಯವನ್ನು ನಮ್ಮ ವಿದ್ಯಾರ್ಥಿಗಳು ಕೈಗೊಳ್ಳಬೇಕೆಂದು ನಾವು ಭಾವಿಸುತ್ತೇವೆ.