ಪದವಿ ಓದಲು ನೆರವು: ಶುಲ್ಕ ಕಟ್ಟುವ ಮೊದಲು ಕೇಳಿ

ಪಿಯುಸಿಗೇ ಓದು ನಿಲ್ಲಿಸಿ, ಇಂದು ಹಸು ಸಾಕಿ ಸಂಘಕ್ಕೆ ಹಾಲು ಹಾಕುತ್ತಿರುವ ಸಹೋದರಿಯರೇ, ಬೆಳಗಿನ ಮತ್ತು ಸಂಜೆಯ ಕರಾವಿನ ನಡುವೆ ಪದವಿ ಮುಗಿಸುವ ಆಸೆ ನಿಮಗಿದೆಯೇ? ಮಾನ್ಯತೆ ಪಡೆದ ವಿಶ್ವವಿದ್ಯಾಲಯದ ಆನ್‌ಲೈನ್ ಅಥವಾ ದೂರಶಿಕ್ಷಣದ ಪದವಿ ಕಾಲೇಜಿನ ಪದವಿಗೆ ಸಮ ಎಂದು ಯುಜಿಸಿ 2022ರಲ್ಲೇ ಹೇಳಿದೆ.

ಸಾಲಕ್ಕೆ ಮೊದಲು ವಿನಾಯಿತಿ ಹುಡುಕಿ. ಇಗ್ನೊ ಮುಕ್ತ ವಿಶ್ವವಿದ್ಯಾಲಯವು ಪರಿಶಿಷ್ಟ ಜಾತಿ, ಪಂಗಡದವರಿಗೆ ಹಲವು ಕೋರ್ಸ್‌ಗಳಲ್ಲಿ ಶುಲ್ಕ ವಿನಾಯಿತಿ ಕೊಡುತ್ತದೆ. ಒಂದು ಕೋರ್ಸಿಗೆ ಮಾತ್ರ, ಅದೂ ಅರ್ಜಿ ತುಂಬುವಾಗಲೇ ಕೋರಬೇಕು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ರಿಯಾಯಿತಿಗಳನ್ನು ಆ ವರ್ಷದ ಪ್ರವೇಶ ಪುಸ್ತಿಕೆಯಲ್ಲೇ ಓದಿ. ಅವರಿವರ ಮಾತು ಬೇಡ. ಜಾತಿ, ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಮೊದಲೇ ತಂದಿಟ್ಟುಕೊಳ್ಳಿ.

ಸರ್ಕಾರದ ವಿದ್ಯಾರ್ಥಿವೇತನ ಮಂಜೂರಾದರೆ ಹಣ ಓದುವವರ ಆಧಾರ್ ಜೋಡಣೆಯಾದ ಖಾತೆಗೇ ಬರುತ್ತದೆ. ಎರಡು ಮೂರು ಖಾತೆ ಇದ್ದರೆ ಕೊನೆಯದಾಗಿ ಜೋಡಿಸಿದ ಬ್ಯಾಂಕಿಗೆ ಹೋಗುತ್ತದೆ. ಅದು ಹಾಲಿನ ಬಿಲ್ ಬರುವ ಖಾತೆಯೇ ಎಂದುಕೊಳ್ಳಬೇಡಿ, ಬ್ಯಾಂಕಿನಲ್ಲಿ ವಿಚಾರಿಸಿ. ಹಾಲಿನ ಬಿಲ್ಲೇ ಗಂಡನ ಖಾತೆಗೆ ಹೋಗುತ್ತಿದ್ದರೆ ನಿಮ್ಮ ಹೆಸರಿನಲ್ಲೊಂದು ಖಾತೆ ತೆರೆಯಲು ಇದು ಒಳ್ಳೆಯ ನೆಪ!

'ಪರೀಕ್ಷೆ ಬೇಡ, ಆರು ತಿಂಗಳಲ್ಲಿ ಪದವಿ' ಎನ್ನುವ ಏಜೆಂಟರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ನರ್ಸಿಂಗ್, ಎಂಜಿನಿಯರಿಂಗ್, ಕಾನೂನು ಪದವಿಗಳನ್ನು ಆನ್‌ಲೈನ್‌ನಲ್ಲಿ ಕೊಡಲು ಯುಜಿಸಿ ಬಿಡುವುದೇ ಇಲ್ಲ. ಕೋರ್ಸಿಗೆ ಮಾನ್ಯತೆ ಇದೆಯೇ ಎಂಬುದು ಯುಜಿಸಿ ದೂರಶಿಕ್ಷಣ ಮಂಡಳಿಯ ಜಾಲತಾಣದಲ್ಲಿದೆ. ಮೊಬೈಲ್ ಬಲ್ಲ ಮಗಳಿಂದಲೋ ಸಂಘದ ಕಾರ್ಯದರ್ಶಿಯಿಂದಲೋ ನೋಡಿಸಿ.

ಇಗ್ನೊ ಪ್ರವೇಶ ವರ್ಷಕ್ಕೆ ಎರಡು ಬಾರಿ, ಜನವರಿ ಮತ್ತು ಜುಲೈ ಸಾಲಿಗೆ ನಡೆಯುತ್ತದೆ. ಒಂದು ತಪ್ಪಿದರೆ ಇನ್ನೊಂದಕ್ಕೆ ಅರ್ಜಿ ಹಾಕಬಹುದು.