ಹಾಲಿನ ಗುಣಮಟ್ಟ ಮತ್ತು ಸುಪ್ರೀಂ ಕೋರ್ಟ್ ತೀರ್ಪುಗಳು: ಉತ್ಪಾದಕರು ತಿಳಿದಿರಬೇಕಾದ ವಿಷಯಗಳು



ಸಂಘದ ಸಭೆಗಳಲ್ಲಿ ಹಾಲಿನ ಗುಣಮಟ್ಟದ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ. "ಎಸ್.ಎನ್.ಎಫ್. ನಾಲ್ಕಾರು ಪಾಯಿಂಟ್ ಕಡಿಮೆ ಬಂದರೆ ಏನಾಯಿತು? ಆ ಹಾಲು ಕುಡಿದು ಯಾರಿಗಾದರೂ ಕಾಯಿಲೆ ಬಂದಿದೆಯೇ?" ಕೇಳುವುದಕ್ಕೆ ನ್ಯಾಯವಾಗಿಯೇ ಕಾಣುವ ಪ್ರಶ್ನೆ. ಇಂಥದ್ದೇ ಪ್ರಶ್ನೆ ನಮ್ಮ ದೇಶದ ಅತ್ಯುನ್ನತ ನ್ಯಾಯಾಲಯವಾದ ಸುಪ್ರೀಂ ಕೋರ್ಟಿನ ಮುಂದೆಯೂ ಬಂದಿತ್ತು. ಅಲ್ಲಿಂದ ಸ್ಪಷ್ಟ ಉತ್ತರವೂ ದೊರಕಿದೆ.

ಹಾಲು ಮತ್ತು ಆಹಾರ ಕಲಬೆರಕೆಗೆ ಸಂಬಂಧಿಸಿದಂತೆ 2016, 2019 ಮತ್ತು 2024ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ಮೂರು ತೀರ್ಪುಗಳ ಸಾರವನ್ನು ಇಲ್ಲಿ ಸರಳವಾಗಿ ತಿಳಿಸಲಾಗಿದೆ. ಸಂವಿಧಾನದ 141ನೇ ವಿಧಿಯ ಪ್ರಕಾರ ಸುಪ್ರೀಂ ಕೋರ್ಟ್ ಹೇಳಿದ ಕಾನೂನು ದೇಶದ ಎಲ್ಲ ನ್ಯಾಯಾಲಯಗಳಿಗೂ ಅನ್ವಯಿಸುತ್ತದೆ. ಆದ್ದರಿಂದ ತೀರ್ಪು ಉತ್ತರ ಪ್ರದೇಶದ ಪ್ರಕರಣದಲ್ಲಿ ಬಂದಿದ್ದರೂ ನಮ್ಮೂರಿಗೂ ಅದೇ ಮಾತು.

2019ರ ತೀರ್ಪು: "ಸ್ವಲ್ಪ ಕಡಿಮೆ" ಎಂಬುದು ಸಮರ್ಥನೆಯಲ್ಲ

1995ರ ಅಕ್ಟೋಬರ್‌ನಲ್ಲಿ ಉತ್ತರ ಪ್ರದೇಶದ ಹಾಲು ಮಾರಾಟಗಾರರೊಬ್ಬರಿಂದ ಆಹಾರ ನಿರೀಕ್ಷಕರು ಹಾಲಿನ ಮಾದರಿ ತೆಗೆದರು. ಪರೀಕ್ಷೆಯಲ್ಲಿ ಜಿಡ್ಡಿನಾಂಶ ಶೇ. 4.6 ಮತ್ತು ಜಿಡ್ಡೇತರ ಘನಾಂಶ, ಅಂದರೆ ನಾವು ಹೇಳುವ ಎಸ್.ಎನ್.ಎಫ್., ಶೇ. 7.7 ಬಂದಿತು. ಇರಬೇಕಾಗಿದ್ದ ಎಸ್.ಎನ್.ಎಫ್. ಶೇ. 8.5. ಯೂರಿಯಾ ಬೆರೆತಿದೆ, ಸೋಡಾ ಬೆರೆತಿದೆ ಎಂಬ ಆರೋಪವೇನೂ ಇರಲಿಲ್ಲ. ಎಸ್.ಎನ್.ಎಫ್. ಕಡಿಮೆ ಎಂಬುದೊಂದೇ ಆರೋಪ.

ಪ್ರಕರಣ ಕೆಳಗಿನ ನ್ಯಾಯಾಲಯಗಳನ್ನು ದಾಟಿ ಸುಪ್ರೀಂ ಕೋರ್ಟಿಗೆ ಬರುವಷ್ಟರಲ್ಲಿ 24 ವರ್ಷಗಳು ಕಳೆದಿದ್ದವು. ಮಾದರಿಯ ಪರೀಕ್ಷೆ ತಡವಾಯಿತು, ವ್ಯತ್ಯಾಸ ಬಹಳ ಕಡಿಮೆ, ಇಷ್ಟು ವರ್ಷಗಳ ನಂತರ ಶಿಕ್ಷೆ ಕೊಡುವುದು ಬೇಡ ಎಂದು ಮಾರಾಟಗಾರರ ಪರವಾಗಿ ವಾದಿಸಲಾಯಿತು. 2019ರ ಅಕ್ಟೋಬರ್ 4ರಂದು ನ್ಯಾಯಮೂರ್ತಿಗಳಾದ ದೀಪಕ್ ಗುಪ್ತಾ ಮತ್ತು ಅನಿರುದ್ಧ ಬೋಸ್ ಅವರ ಪೀಠ ಈ ವಾದವನ್ನು ಒಪ್ಪಲಿಲ್ಲ. ಆರು ತಿಂಗಳ ಸೆರೆವಾಸದ ಶಿಕ್ಷೆ ಉಳಿಯಿತು.

ಪೀಠ ಹೇಳಿದ ಮುಖ್ಯ ಮಾತಿನ ಭಾವಾರ್ಥ ಇಷ್ಟು: ಕಾನೂನು ಒಂದು ಮಟ್ಟವನ್ನು ನಿಗದಿ ಮಾಡಿದ ಮೇಲೆ ಅದನ್ನು ಪಾಲಿಸಲೇಬೇಕು. ಹಾಲಿನಂಥ ಮೂಲ ಆಹಾರದ ವಿಷಯದಲ್ಲಿ ಅದು ಕುಡಿಯಲು ಅಯೋಗ್ಯವಾಗಿತ್ತು ಅಥವಾ ಆರೋಗ್ಯಕ್ಕೆ ಹಾನಿಕರವಾಗಿತ್ತು ಎಂದು ಬೇರೆಯಾಗಿ ರುಜುವಾತು ಮಾಡಬೇಕಾಗಿಲ್ಲ. ನಿಗದಿತ ಮಟ್ಟಕ್ಕಿಂತ ಕೆಳಗಿದ್ದರೆ ಅಷ್ಟೇ ಸಾಕು.

ಈ ಪ್ರಕರಣ ನಡೆದದ್ದು ಹಳೆಯ 1954ರ ಆಹಾರ ಕಲಬೆರಕೆ ತಡೆ ಕಾಯಿದೆಯಡಿ ಎಂಬುದನ್ನು ಗಮನಿಸಿ. ಅದರ ಬದಲಿಗೆ 2011ರ ಆಗಸ್ಟ್‌ನಿಂದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ, 2006 ಜಾರಿಯಲ್ಲಿದೆ. ಹೊಸ ಕಾಯಿದೆಯಲ್ಲಿ ಎರಡು ದರ್ಜೆಗಳಿವೆ. ನಿಗದಿತ ಮಟ್ಟಕ್ಕಿಂತ ಕೆಳಗಿದ್ದು, ಆರೋಗ್ಯಕ್ಕೆ ಅಪಾಯವಿಲ್ಲದ ಆಹಾರ "ಕಳಪೆ ಗುಣಮಟ್ಟದ್ದು". ಇದಕ್ಕೆ 5 ಲಕ್ಷ ರೂಪಾಯಿವರೆಗೆ ದಂಡ. ಆರೋಗ್ಯಕ್ಕೆ ಅಪಾಯಕಾರಿಯಾದದ್ದು "ಅಸುರಕ್ಷಿತ ಆಹಾರ"; ಇದಕ್ಕೆ ಸೆರೆವಾಸ ಮತ್ತು ದಂಡ ಎರಡೂ ಉಂಟು. ಅಸುರಕ್ಷಿತ ಆಹಾರದಿಂದ ಸಾವು ಸಂಭವಿಸಿದರೆ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ ಮತ್ತು 10 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ.

ಆದ್ದರಿಂದ ಒಂದು ವಿಷಯ ಮನದಟ್ಟು ಮಾಡಿಕೊಳ್ಳಿ. ಹಾಲಿಗೆ ನೀರು ಹಾಕುವುದೇ ತಪ್ಪು. ಆ ನೀರನ್ನು ಮುಚ್ಚಿಡಲು, ಅಥವಾ ಹಾಲು ಒಡೆಯದಿರಲೆಂದು, ಏನಾದರೂ ರಾಸಾಯನಿಕ ಬೆರೆಸಿದರೆ ತಪ್ಪು ದಂಡದ ಮಟ್ಟದಿಂದ ಜೈಲಿನ ಮಟ್ಟಕ್ಕೆ ಏರುತ್ತದೆ.

2016ರ ತೀರ್ಪು: ಸರ್ಕಾರಗಳಿಗೆ ಕೊಟ್ಟ ಸೂಚನೆಗಳು

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2011ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ 1,791 ಹಾಲಿನ ಮಾದರಿಗಳ ಪೈಕಿ ಶೇ. 68.4ರಷ್ಟು ನಿಗದಿತ ಮಟ್ಟಕ್ಕೆ ಹೊಂದಿರಲಿಲ್ಲ. ಇದನ್ನೂ ಮುಂದಿಟ್ಟುಕೊಂಡು, ಉತ್ತರ ಭಾರತದ ರಾಜ್ಯಗಳಲ್ಲಿ ಕೃತಕ ಹಾಲು ಮತ್ತು ಕಲಬೆರಕೆ ಹಾಲಿನ ಮಾರಾಟದ ವಿರುದ್ಧ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಕೆಯಾಯಿತು. 2016ರ ಆಗಸ್ಟ್ 5ರಂದು ಮುಖ್ಯ ನ್ಯಾಯಮೂರ್ತಿ ಟಿ.ಎಸ್. ಠಾಕೂರ್ ಅವರಿದ್ದ ಮೂವರು ನ್ಯಾಯಮೂರ್ತಿಗಳ ಪೀಠ ತೀರ್ಪು ನೀಡಿತು.

ಅದರಲ್ಲಿ ಕೇಂದ್ರ ಮತ್ತು ರಾಜ್ಯ ಸರ್ಕಾರಗಳಿಗೆ ಕೊಟ್ಟ ಮುಖ್ಯ ಸೂಚನೆಗಳು ಹೀಗಿವೆ:

1. ಹಾಲಿನಲ್ಲಿ ಕೀಟನಾಶಕ, ಕಾಸ್ಟಿಕ್ ಸೋಡಾ ಮುಂತಾದ ರಾಸಾಯನಿಕಗಳು ಕಂಡುಬಂದರೆ ಕಠಿಣ ಕ್ರಮ ಕೈಗೊಳ್ಳಲಾಗುವುದೆಂದು ಡೇರಿ ಮಾಲೀಕರು ಮತ್ತು ಚಿಲ್ಲರೆ ಮಾರಾಟಗಾರರಿಗೆ ತಿಳಿಸಬೇಕು.
2. ಕಲಬೆರಕೆ ಹೆಚ್ಚಾಗುವ ಸ್ಥಳಗಳನ್ನೂ ಹಬ್ಬದಂಥ ಸಮಯಗಳನ್ನೂ ಗುರುತಿಸಿ ಹೆಚ್ಚು ಮಾದರಿಗಳನ್ನು ತೆಗೆಯಬೇಕು.
3. ಪ್ರಯೋಗಾಲಯಗಳಿಗೆ ಸಿಬ್ಬಂದಿ ಮತ್ತು ಸಲಕರಣೆ ಒದಗಿಸಬೇಕು. ಸಂಚಾರಿ ಪರೀಕ್ಷಾ ವಾಹನಗಳಿರಬೇಕು.
4. ರಾಜ್ಯಮಟ್ಟದಲ್ಲಿ ಸಮಿತಿ ಇರಬೇಕು. ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಮಿತಿ ಇರಬೇಕು.
5. ಕಲಬೆರಕೆ ಪತ್ತೆಹಚ್ಚುವ ಸುಲಭ ವಿಧಾನಗಳನ್ನು ಶಾಲಾ ಮಕ್ಕಳಿಗೆ ಕಲಿಸಬೇಕು.
6. ಅಧಿಕಾರಿಗಳ ಭ್ರಷ್ಟಾಚಾರದ ವಿರುದ್ಧ ದೂರು ಕೊಡಲು ವ್ಯವಸ್ಥೆ ಇರಬೇಕು.

ಉತ್ತರ ಪ್ರದೇಶ, ಪಶ್ಚಿಮ ಬಂಗಾಳ ಮತ್ತು ಒಡಿಶಾ ರಾಜ್ಯಗಳು ಕಲಬೆರಕೆಗೆ ಜೀವಾವಧಿ ಶಿಕ್ಷೆಯವರೆಗೂ ಅವಕಾಶ ಮಾಡಿ ತಿದ್ದುಪಡಿ ತಂದಿದ್ದವು. ಅಂಥ ಬದಲಾವಣೆಯನ್ನು ಕೇಂದ್ರವೂ ಪರಿಶೀಲಿಸುವುದು ಒಳ್ಳೆಯದೆಂದು ನ್ಯಾಯಾಲಯ ಹೇಳಿತು. ಹಾಲು ಕುಡಿಯುವವರಲ್ಲಿ ಎಳೆಯ ಮಕ್ಕಳೇ ಹೆಚ್ಚೆಂಬುದನ್ನು ನೆನೆದರೆ ಈ ಕಠಿಣ ಧೋರಣೆಯ ಕಾರಣ ಅರ್ಥವಾಗುತ್ತದೆ.

2024ರ ತೀರ್ಪು: ಯಾವ ಕಾನೂನಿನಡಿ ವಿಚಾರಣೆ?

ಕೆಲವು ಕಡೆ ಒಂದೇ ಕಲಬೆರಕೆ ಪ್ರಕರಣಕ್ಕೆ ಆಹಾರ ಸುರಕ್ಷತೆ ಕಾಯಿದೆಯಡಿ ಒಂದು, ಭಾರತೀಯ ದಂಡ ಸಂಹಿತೆಯ 272 ಮತ್ತು 273ನೇ ಕಲಮುಗಳಡಿ ಇನ್ನೊಂದು, ಹೀಗೆ ಎರಡೆರಡು ಮೊಕದ್ದಮೆ ಹೂಡಲಾಗುತ್ತಿತ್ತು. 2024ರ ಫೆಬ್ರವರಿ 21ರಂದು ನ್ಯಾಯಮೂರ್ತಿಗಳಾದ ಅಭಯ್ ಎಸ್. ಓಕಾ ಮತ್ತು ಸಂಜಯ್ ಕರೋಲ್ ಅವರ ಪೀಠ ಇದಕ್ಕೆ ತೆರೆ ಎಳೆಯಿತು. ಅಸುರಕ್ಷಿತ ಆಹಾರದ ವಿಷಯದಲ್ಲಿ 2006ರ ವಿಶೇಷ ಕಾಯಿದೆಯೇ ಮೇಲುಗೈ. ಅದರ 59ನೇ ಕಲಮು ಅನ್ವಯಿಸುವಲ್ಲಿ ದಂಡ ಸಂಹಿತೆಯ ಆ ಎರಡು ಕಲಮುಗಳಡಿ ಜೊತೆಜೊತೆಯಾಗಿ ಮೊಕದ್ದಮೆ ನಡೆಸುವಂತಿಲ್ಲ ಎಂದು ತೀರ್ಪಾಯಿತು.

ಇದರಿಂದ ಪ್ರಾಮಾಣಿಕರಿಗೆ ಒಂದು ರಕ್ಷಣೆ ಸಿಕ್ಕಿದೆ. ವಿಶೇಷ ಕಾಯಿದೆಯಲ್ಲಿ ಮಾದರಿ ತೆಗೆಯುವುದಕ್ಕೆ ಕ್ರಮವಿದೆ. ಮಾದರಿಯನ್ನು ನಾಲ್ಕು ಭಾಗ ಮಾಡಿ ಮೊಹರು ಮಾಡಬೇಕು. ಆಹಾರ ವಿಶ್ಲೇಷಕರು 14 ದಿನಗಳೊಳಗೆ ವರದಿ ಕೊಡಬೇಕು. ವರದಿಯನ್ನು ಒಪ್ಪದವರಿಗೆ ಮೇಲ್ಮನವಿಯ ಅವಕಾಶವಿದೆ. ಮಾದರಿಯ ಒಂದು ಭಾಗವನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳುಹಿಸಿಕೊಡಿ ಎಂದೂ ಕೇಳಬಹುದು. ಸಂಘದ ಕಾರ್ಯದರ್ಶಿಗಳು ಈ ಕ್ರಮವನ್ನು ತಿಳಿದಿರುವುದು ಅಗತ್ಯ.

ಇದು ನಮಗೆ ಅನ್ವಯಿಸುತ್ತದೆಯೇ?

2006ರ ಕಾಯಿದೆ ರೈತನ ಕೊಟ್ಟಿಗೆಯೊಳಗೆ ನೇರವಾಗಿ ಬರುವುದಿಲ್ಲ. ರೈತನ ಕೈಯಲ್ಲಿರುವ ಉತ್ಪನ್ನವನ್ನು ಅದು ಹೊರಗಿಟ್ಟಿದೆ. ಅಷ್ಟೇ ಅಲ್ಲ, ಸಹಕಾರ ಸಂಘದ ನೋಂದಾಯಿತ ಸದಸ್ಯರಾಗಿದ್ದು ತಮ್ಮ ಪೂರ್ತಿ ಹಾಲನ್ನು ಸಂಘಕ್ಕೇ ಹಾಕುವ ಉತ್ಪಾದಕರಿಗೆ ಈ ಕಾಯಿದೆಯ ನೋಂದಣಿಯಿಂದ ವಿನಾಯಿತಿ ಇದೆ. "ಪೂರ್ತಿ ಹಾಲು" ಎಂಬ ಮಾತನ್ನು ಗಮನಿಸಿ. ಒಂದು ಹೊತ್ತಿನ ಹಾಲು ಸಂಘಕ್ಕೆ, ಇನ್ನೊಂದು ಹೊತ್ತಿನದು ಹೋಟೆಲಿಗೆ ಎನ್ನುವವರು ನೋಂದಣಿಯ ವಿಷಯವನ್ನು ಆಹಾರ ಸುರಕ್ಷತೆ ಅಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು.

ಹಾಗೆಂದು ನಿಶ್ಚಿಂತೆಯಿಂದ ಇರುವಂತಿಲ್ಲ. ನಿಮ್ಮ ಕೈಯಿಂದ ಸಂಘದ ಕ್ಯಾನಿಗೆ ಹಾಲು ಬಿದ್ದ ಕ್ಷಣದಿಂದ ಅದು ಕಾನೂನಿನ ಲೆಕ್ಕಕ್ಕೆ ಬರುತ್ತದೆ. ಆಗ ಉತ್ತರ ಕೊಡಬೇಕಾದ್ದು ನಿಮ್ಮದೇ ಸಂಘ ಮತ್ತು ನಿಮ್ಮದೇ ಒಕ್ಕೂಟ.

ಒಂದು ಲೆಕ್ಕ ನೋಡೋಣ. ಈಗಿನ ನಿಯಮದಂತೆ ಹಸುವಿನ ಹಾಲಿನಲ್ಲಿ ಕನಿಷ್ಠ ಶೇ. 3.2 ಜಿಡ್ಡು, ಶೇ. 8.3 ಎಸ್.ಎನ್.ಎಫ್. ಇರಬೇಕು. ಎಮ್ಮೆ ಹಾಲಿನಲ್ಲಿ ಎಸ್.ಎನ್.ಎಫ್. ಕನಿಷ್ಠ ಶೇ. 9. ನಲವತ್ತು ಲೀಟರಿನ ಕ್ಯಾನಿಗೆ ಹತ್ತು ಜನ ಶೇ. 8.5 ಎಸ್.ಎನ್.ಎಫ್. ಇರುವ ಹಸುವಿನ ಹಾಲು ಹಾಕುತ್ತಾರೆಂದು ಇಟ್ಟುಕೊಳ್ಳಿ. ಅವರಲ್ಲಿ ಒಬ್ಬರ ನಾಲ್ಕು ಲೀಟರಿನಲ್ಲಿ ಎರಡು ಲೀಟರ್ ನೀರಿದ್ದರೆ ಇಡೀ ಕ್ಯಾನಿನ ಎಸ್.ಎನ್.ಎಫ್. ಸುಮಾರು ಶೇ. 8.1ಕ್ಕೆ ಇಳಿಯುತ್ತದೆ. ಅಂದರೆ ಎರಡು ಲೀಟರ್ ನೀರು ಒಂಬತ್ತು ಮನೆಗಳ ಒಳ್ಳೆಯ ಹಾಲನ್ನೂ ಕಳಪೆಯೆಂಬ ಪಟ್ಟಿಗೆ ಸೇರಿಸಿತು. "ನೆರೆಯವನು ಹಾಕಿದರೆ ನಮಗೇನು" ಎಂದು ಸುಮ್ಮನಿರುವವರು ಈ ಲೆಕ್ಕವನ್ನು ಯೋಚಿಸಬೇಕು.

ನೀರು ಹಾಕದಿದ್ದರೂ ಎಸ್.ಎನ್.ಎಫ್. ಇಳಿದರೆ?

ಇದು ಅನೇಕ ಪ್ರಾಮಾಣಿಕ ಸದಸ್ಯರ, ಅದರಲ್ಲೂ ಒಂದೆರಡು ಮಿಶ್ರತಳಿ ಹಸು ಕಟ್ಟಿಕೊಂಡ ಹೆಣ್ಣುಮಕ್ಕಳ ಸಂಕಟ. ನೀರು ಮುಟ್ಟದಿದ್ದರೂ ಪರೀಕ್ಷೆಯಲ್ಲಿ ಕಡಿಮೆ ಬಂದು ನಾಲ್ಕು ಜನರ ಮುಂದೆ ತಲೆತಗ್ಗಿಸಬೇಕಾಗುತ್ತದೆ. ಹಳೆಯ ಕಾಯಿದೆಯಲ್ಲಿ, ಮನುಷ್ಯನ ಕೈಮೀರಿದ ನೈಸರ್ಗಿಕ ಕಾರಣದಿಂದಲೇ ಮಟ್ಟ ಇಳಿದಿದ್ದರೆ ಅದನ್ನು ಕಲಬೆರಕೆ ಎನ್ನಬಾರದೆಂಬ ವಿನಾಯಿತಿ ಇತ್ತು. 2019ರ ಪ್ರಕರಣದ ಮಾರಾಟಗಾರರನ್ನು ಅದೂ ಉಳಿಸಲಿಲ್ಲ. ಆದ್ದರಿಂದ ವಾದಕ್ಕಿಂತ ಕಾರಣ ಹುಡುಕಿ ಸರಿಪಡಿಸುವುದೇ ಮೇಲು. ಮುಖ್ಯ ಕಾರಣಗಳು ಮೂರು.

ಮೊದಲನೆಯದು ಆಹಾರದ ಕೊರತೆ. ಬರೀ ಹುಲ್ಲು ತಿಂದ ರಾಸಿನ ಹಾಲಿನಲ್ಲಿ ಎಸ್.ಎನ್.ಎಫ್. ಇಳಿಯುತ್ತದೆ. ಹಸಿರು ಮೇವಿನ ಜೊತೆಗೆ, ಶರೀರ ಪೋಷಣೆಯ ಪಾಲಲ್ಲದೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ 1 ಕೆ.ಜಿ.ಯಂತೆ ಪಶು ಆಹಾರ ಕೊಡಿ. ದಿನವೂ ಖನಿಜ ಮಿಶ್ರಣ ತಪ್ಪಿಸಬೇಡಿ. ಮೇವಿನ ಬದಲಾವಣೆಯನ್ನು ಒಮ್ಮೆಲೇ ಮಾಡದೆ ವಾರ ಹತ್ತು ದಿನಗಳಲ್ಲಿ ನಿಧಾನವಾಗಿ ಮಾಡಿ.

ಎರಡನೆಯದು ಕೆಚ್ಚಲು ಬಾವು. ಕೆಚ್ಚಲು ಊದದಿದ್ದರೂ ಒಳಗೇ ಬಾವು ಇರಬಹುದು. ಆಗ ಹಾಲಿನ ಸಕ್ಕರೆ ಮತ್ತು ಸಸಾರಜನಕದ ಅಂಶ ಇಳಿದು ಎಸ್.ಎನ್.ಎಫ್. ಕಡಿಮೆಯಾಗುತ್ತದೆ. ಕಾರಣ ತಿಳಿಯದೆ ಎಸ್.ಎನ್.ಎಫ್. ಇಳಿದರೆ ನಾಲ್ಕೂ ಮೊಲೆಗಳ ಹಾಲನ್ನು ಬೇರೆಬೇರೆಯಾಗಿ ಪರೀಕ್ಷೆ ಮಾಡಿಸಿ.

ಮೂರನೆಯದು ಪಾತ್ರೆಯಲ್ಲಿ ಉಳಿದ ನೀರು. ತೊಳೆದ ಪಾತ್ರೆಯನ್ನು ಬೋರಲು ಹಾಕಿ ಪೂರ್ತಿ ಬಸಿದ ಮೇಲೆಯೇ ಕರೆಯಲು ಕುಳಿತುಕೊಳ್ಳಿ. ಎರಡು ಲೀಟರ್ ಹಾಲಿನಲ್ಲಿ ಒಂದು ಲೋಟ ನೀರು ಉಳಿದರೂ ಲೆಕ್ಕ ತಪ್ಪುತ್ತದೆ.

ಸಂಘದ ಪರೀಕ್ಷೆಯ ಮೇಲೆ ಅನುಮಾನವಿದ್ದರೆ ಜಗಳಕ್ಕೆ ನಿಲ್ಲದೆ, ಹಾಲನ್ನು ಚೆನ್ನಾಗಿ ಕಲಕಿ ನಿಮ್ಮ ಎದುರೇ ಮತ್ತೊಮ್ಮೆ ಪರೀಕ್ಷಿಸುವಂತೆ ಕೇಳಿ. ಆಗಲೂ ಕಡಿಮೆ ಬಂದರೆ ವಿಸ್ತರಣಾಧಿಕಾರಿಗಳಿಗೆ ತಿಳಿಸಿ, ನಿಮ್ಮ ಕೊಟ್ಟಿಗೆಯಲ್ಲೇ ಎದುರಿಗೆ ಕರೆದ ಹಾಲನ್ನು ಪರೀಕ್ಷಿಸಬಹುದು. ಅಪವಾದ ನೀಗಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರಿಲ್ಲ.

ಕಣ್ಣಿಗೆ ಕಾಣದ ದೋಷಗಳು

ಪ್ರಾಧಿಕಾರದ 2018ರ ಸಮೀಕ್ಷೆಯಲ್ಲಿ 6,432 ಮಾದರಿಗಳನ್ನು ಪರೀಕ್ಷಿಸಿದಾಗ ಅಪಾಯಕಾರಿ ಕಲಬೆರಕೆ ಸಿಕ್ಕಿದ್ದು 12ರಲ್ಲಿ ಮಾತ್ರ. ಆದರೆ 77 ಮಾದರಿಗಳಲ್ಲಿ ಔಷಧಿಯ ಶೇಷವೂ 368ರಲ್ಲಿ ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ಎಂಬ ವಿಷವೂ ಮಿತಿ ಮೀರಿದ್ದವು. ಇವೆರಡನ್ನೂ ಯಾರೂ ಬೇಕೆಂದು ಬೆರೆಸುವುದಿಲ್ಲ, ಕೊಟ್ಟಿಗೆಯಿಂದಲೇ ಬರುತ್ತವೆ. ಬೆರೆಸಿದ ಉದ್ದೇಶವಿಲ್ಲ ಎಂದರೂ ಮಿತಿ ಮಿತಿಯೇ.

ಆದ್ದರಿಂದ ರಾಸಿಗೆ ಚುಚ್ಚುಮದ್ದು ಕೊಡಿಸಿದಾಗ, ಮೊಲೆಗೆ ಟ್ಯೂಬ್ ಹಾಕಿಸಿದಾಗ, ಎಷ್ಟು ದಿನ ಹಾಲನ್ನು ಸಂಘಕ್ಕೆ ಹಾಕಬಾರದೆಂದು ವೈದ್ಯರನ್ನು ಕೇಳಿ ಬರೆಸಿಕೊಳ್ಳಿ. ಬೂಷ್ಟು ಹಿಡಿದ ಹಿಂಡಿ, ಕಡಲೆಕಾಯಿ ಹೊಟ್ಟು, ಮೆಕ್ಕೆಜೋಳ, ಮಳೆಗೆ ನೆನೆದ ಹುಲ್ಲನ್ನು ಕರೆಯುವ ರಾಸಿಗೆ ಹಾಕಬೇಡಿ. ಮನುಷ್ಯರು ತಿನ್ನದ್ದನ್ನು ಹಸುವಿಗೆ ಹಾಕಿದರೆ ಅದು ಹಾಲಿನ ಮೂಲಕ ಮತ್ತೆ ಮನುಷ್ಯರಿಗೇ ಬರುತ್ತದೆ. ಪಶು ಆಹಾರದ ಚೀಲಗಳನ್ನು ನೆಲದ ಮೇಲಿಡದೆ ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಜೋಡಿಸಿ. ಗಿಣ್ಣು ಹಾಲನ್ನು ಕರು ಹಾಕಿದ ಮೊದಲ ಐದು ದಿನ ಸಂಘಕ್ಕೆ ತರಬೇಡಿ.

ಸಂಘಗಳು ಮಾಡಬೇಕಾದ್ದು

ಪ್ರತಿಯೊಬ್ಬ ಸದಸ್ಯರ ಹಾಲನ್ನೂ ಪ್ರತಿ ಹೊತ್ತೂ ಪರೀಕ್ಷಿಸಿ, ಫಲಿತಾಂಶವನ್ನು ಅವರಿಗೆ ತೋರಿಸಿ, ಪುಸ್ತಕದಲ್ಲಿ ಬರೆದಿಡಿ. ಆಡಳಿತ ಮಂಡಳಿಯ ನಿರ್ದೇಶಕರ ಹಾಲಿಗೂ ಬಡ ಸದಸ್ಯರ ಹಾಲಿಗೂ ಒಂದೇ ಅಳತೆಗೋಲಿರಲಿ. ಮುಂದೆ ಯಾವಾಗಲಾದರೂ ಪ್ರಶ್ನೆ ಬಂದರೆ ಸಂಘವನ್ನು ಕಾಯುವುದು ಆ ಪುಸ್ತಕವೇ. ಈ ತೀರ್ಪುಗಳ ವಿಷಯವನ್ನು ಮುಂದಿನ ಸಭೆಯಲ್ಲಿ ಓದಿ ಹೇಳಿ.

ಹಾಲಿನ ದರ ಹೆಚ್ಚಬೇಕೆಂದು ನಾವು ಕೇಳುವುದು ನಮ್ಮ ಹಾಲಿನ ಮೇಲೆ ಗ್ರಾಹಕರಿಗಿರುವ ನಂಬಿಕೆಯ ಬಲದಿಂದ. ನ್ಯಾಯಾಲಯ ಬಿಗಿ ಮಾಡಿರುವುದು ನೀರು ಬೆರೆಸುವವರಿಗೆ ಕಷ್ಟ. ಬೆಳಗಿನ ಜಾವ ಎದ್ದು ಒಳ್ಳೆಯ ಹಾಲು ಕರೆದು ತರುವವರಿಗೆ ಅದು ಬೆಂಬಲ. ನಿಮ್ಮ ಕ್ಯಾನಿನಲ್ಲಿ ಒಳ್ಳೆಯ ಹಾಲೇ ತುಂಬಲಿ.