ಠಾಣೆಯಿಂದ ಮರಳಿದ ಕೋವಿಗೆ ಎಣ್ಣೆಗಿಂತ ಮೊದಲು ಬಿಸಿನೀರು

ಚುನಾವಣೆ ಘೋಷಣೆಯಾದೊಡನೆ ಪರವಾನಗಿ ಹೊಂದಿದ ಕೋವಿಗಳು ಪೊಲೀಸ್ ಠಾಣೆಯತ್ತ ಹೊರಡುವುದು ಮೈಸೂರು ಜಿಲ್ಲೆಯ ಕಾಡಂಚಿನ ರೈತರಿಗೆ ಹೊಸತಲ್ಲ. 2023ರ ವಿಧಾನಸಭಾ ಚುನಾವಣೆಯ ನೀತಿ ಸಂಹಿತೆ ಮಾರ್ಚ್ 29ರಂದು ಜಾರಿಗೆ ಬಂದು ಮೇ ತಿಂಗಳ ಮಧ್ಯದವರೆಗೆ ಇತ್ತು. 2024ರ ಲೋಕಸಭಾ ಚುನಾವಣೆಯಲ್ಲಿ ಈ ಅವಧಿ ಮಾರ್ಚ್ 16ರಿಂದ ಜೂನ್ 6ರವರೆಗೆ, ಸುಮಾರು ಹನ್ನೆರಡು ವಾರಗಳಷ್ಟು ದೀರ್ಘವಾಯಿತು. ಬಿರುಬೇಸಿಗೆಯಲ್ಲಿ ಠೇವಣಿಯಾದ ಕೋವಿ ಮುಂಗಾರು ಕಾಲಿಡುವ ಹೊತ್ತಿಗೆ ಮನೆಗೆ ಮರಳಿತು. ನಡುವೆ ಏಪ್ರಿಲ್-ಮೇ ತಿಂಗಳ ಗುಡುಗು ಮಳೆ, ಅದರ ಬೆನ್ನಿಗೆ ಗಾಳಿಯ ತೇವ. ಕೊಡುವ ಮುನ್ನ ತೊಳೆಯದ ಕೋವಿಯ ನಳಿಗೆಯೊಳಗೆ ಈ ಹನ್ನೆರಡು ವಾರಗಳಲ್ಲಿ ಏನಾಗಿರುತ್ತದೆ ಎಂಬುದು ಹೊರಗಿನ ಹೊಳಪು ನೋಡಿದವರಿಗೆ ಗೊತ್ತಾಗುವುದಿಲ್ಲ.

ಹುಣಸೂರು, ಪಿರಿಯಾಪಟ್ಟಣ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳು ನಾಗರಹೊಳೆ ಅರಣ್ಯದ ಮಗ್ಗುಲಲ್ಲೇ ಇವೆ. ಎಚ್.ಡಿ. ಕೋಟೆಯ ಸೀಮೆಗೆ ಬಂಡೀಪುರದ ಕಾಡೂ ತಾಗುತ್ತದೆ. ರಾಗಿ ತೆನೆಗಟ್ಟುವ ಹೊತ್ತಿಗೆ, ಜೋಳ ಹಾಲುಗಟ್ಟುವ ಹೊತ್ತಿಗೆ ಆನೆ ಮತ್ತು ಹಂದಿಗಳ ದಾರಿ ಹೊಲದತ್ತ ತಿರುಗುತ್ತದೆ. ಅಟ್ಟಣೆಯ ಮೇಲೆ ರಾತ್ರಿ ಕಾಯುವ ರೈತನಿಗೆ ಪಟಾಕಿ, ತಮಟೆ, ಟಾರ್ಚುಗಳ ಜೊತೆಗೆ ಹಿಂದಿನ ತಲೆಮಾರಿನಿಂದ ಬಂದ ಒಂಟಿ ನಳಿಗೆಯ ಕೇಪಿನ ಕೋವಿಯೂ ಒಂದು ಧೈರ್ಯ. ಅದರ ಕೆಲಸ ಬಹುಮಟ್ಟಿಗೆ ಸದ್ದು ಮಾಡುವುದು. ಆನೆಯ ಮಾತಿರಲಿ, ಕಾಡುಹಂದಿಯನ್ನಾದರೂ ಅನುಮತಿಯಿಲ್ಲದೆ ಹೊಡೆಯುವುದು ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧವೇ. ಕೆ.ಆರ್. ನಗರದ ಮಾತು ಬೇರೆ. ಕಾವೇರಿ ನಾಲೆಗಳ ಆ ಭತ್ತದ ಸೀಮೆಗೆ ಕಾಡು ದೂರ, ನೀತಿ ಸಂಹಿತೆ ಮಾತ್ರ ದೂರವಿಲ್ಲ.

1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ಈ ಕೋವಿಯನ್ನು ಪ್ರತ್ಯೇಕವಾಗಿ ಹೆಸರಿಸುತ್ತದೆ. ಪ್ರಾಮಾಣಿಕವಾಗಿ ಬೆಳೆ ರಕ್ಷಣೆಗೆ ಬಳಸುವ, ಬಾಯಿಯಿಂದ ಮದ್ದು ತುಂಬುವ ಕೋವಿಗೆ ಪರವಾನಗಿ ನೀಡಲು ಅದರಲ್ಲಿ ಅವಕಾಶವಿದೆ. 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿತು. ಅಭಯಾರಣ್ಯ ಅಥವಾ ರಾಷ್ಟ್ರೀಯ ಉದ್ಯಾನದ ಹತ್ತು ಕಿಲೋಮೀಟರ್ ಸುತ್ತಳತೆಯಲ್ಲಿ ಹೊಸ ಪರವಾನಗಿ ನೀಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವ ಸಮ್ಮತಿ ಬೇಕೆಂದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 34ನೇ ಕಲಮು ಹೇಳುತ್ತದೆ. ಪಿರಿಯಾಪಟ್ಟಣದ ಗಡಿ ದಾಟಿ ಕೊಡಗಿಗೆ ಕಾಲಿಟ್ಟರೆ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ. ಈ ಕಡೆಯ ರೈತನಿಗೆ ಅದಿಲ್ಲ. ಆದ್ದರಿಂದ ಕೈಯಲ್ಲಿರುವ ಹಳೆಯ ಕೋವಿ ಕೆಟ್ಟರೆ ಅದರ ಬದಲಿಗೆ ಇನ್ನೊಂದನ್ನು ಪಡೆಯುವುದು ಸುಲಭದ ಮಾತಲ್ಲ.

ಕೆಡಿಸುವುದು ತುಕ್ಕಲ್ಲ, ಉಪ್ಪು

ಕೇಪಿನ ಕೋವಿಯನ್ನು ಕೆಡಿಸುವುದು ಬಳಕೆಗಿಂತ ಹೆಚ್ಚಾಗಿ ತಪ್ಪು ಆರೈಕೆ. ಠೇವಣಿಗೆ ಕೊಡುವ ಹಿಂದಿನ ದಿನ ನಳಿಗೆಗೆ ಕೊಬ್ಬರಿ ಎಣ್ಣೆಯನ್ನೋ ಸೀಮೆಎಣ್ಣೆಯನ್ನೋ ಸವರಿ, ಹೊರಮೈ ಒರೆಸಿ, ಕೆಲಸ ಮುಗಿಯಿತೆಂದು ಭಾವಿಸುವುದು ಆ ತಪ್ಪುಗಳಲ್ಲಿ ಮುಖ್ಯವಾದುದು.

ಕಾರಣವನ್ನು ತಿಳಿಯಬೇಕಾದರೆ ಮದ್ದು ಉರಿದ ಮೇಲೆ ಏನು ಉಳಿಯುತ್ತದೆಂದು ನೋಡಬೇಕು. ಈ ಕೋವಿಗೆ ಬಳಕೆಯಾಗುವುದು ಪೆಟ್ಲುಪ್ಪು, ಗಂಧಕ ಮತ್ತು ಇದ್ದಿಲು ಸೇರಿದ ಕರಿಮದ್ದು. ಅದು ಉರಿದಾಗ ಎಲ್ಲವೂ ಹೊಗೆಯಾಗಿ ಹೋಗುವುದಿಲ್ಲ. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಘನ ರೂಪದಲ್ಲೇ ಉಳಿಯುತ್ತದೆ. ಪೊಟ್ಯಾಸಿಯಂ ಕಾರ್ಬೊನೇಟ್, ಸಲ್ಫೇಟ್ ಮತ್ತು ಸಲ್ಫೈಡ್ ಅದರಲ್ಲಿ ಮುಖ್ಯವಾದವು. ಕಾರ್ಬೊನೇಟ್ ಗಾಳಿಯ ತೇವವನ್ನು ತಾನೇ ಹೀರಿ ಒದ್ದೆಯಾಗುವ ಉಪ್ಪು. ಹಳೆಯ ಬಗೆಯ ಕೇಪುಗಳಲ್ಲಿದ್ದ ಕ್ಲೋರೇಟ್ ಸಿಡಿದಾಗ ಅಡುಗೆ ಉಪ್ಪಿನ ಜಾತಿಯದೇ ಆದ ಪೊಟ್ಯಾಸಿಯಂ ಕ್ಲೋರೈಡ್ ಉಳಿಯುತ್ತದೆ. ಇವೆಲ್ಲ ನೀರಿನಲ್ಲಿ ಕರಗುತ್ತವೆ, ಎಣ್ಣೆಯಲ್ಲಿ ಕರಗುವುದಿಲ್ಲ. ತೊಳೆಯದ ನಳಿಗೆಗೆ ಎಣ್ಣೆ ಸವರಿದರೆ ಉಪ್ಪು ಅಲ್ಲೇ ಉಳಿದು, ಎಣ್ಣೆಯ ಪೊರೆಯ ಕೆಳಗೇ ಕಬ್ಬಿಣವನ್ನು ತಿನ್ನುತ್ತಾ ಕೂರುತ್ತದೆ. ಉಪ್ಪಿನಕಾಯಿ ಜಾಡಿಗೆ ಕಬ್ಬಿಣದ ಸೌಟು ಹಾಕಿಟ್ಟ ಮನೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ತೋಟಾ ಹಾಕುವ ಈಗಿನ ಕೋವಿಗಳಲ್ಲಿ ಹೊಗೆರಹಿತ ಮದ್ದು ಬಳಕೆಯಾಗುವುದರಿಂದ ಅಲ್ಲಿ ದ್ರಾವಕ ಮತ್ತು ಎಣ್ಣೆಯ ಕ್ರಮ ಸರಿಯಾಗಿಯೇ ಇದೆ. ಆ ಕ್ರಮವನ್ನು ಕೇಪಿನ ಕೋವಿಗೆ ಅನ್ವಯಿಸಿದಾಗ ಮಾತ್ರ ತೊಂದರೆ. ಕೇಪಿನ ಕೋವಿಗೆ ಮೊದಲು ಬೇಕಾದುದು ಬಿಸಿನೀರು.

ಬಿಚ್ಚುವ ಮುನ್ನ ಒಂದು ಅಳತೆ

ನೀರು ಕಾಯಿಸುವುದಕ್ಕೂ ಮೊದಲು ಮಾಡಬೇಕಾದ ಕೆಲಸವೊಂದಿದೆ. ತೋಟಾ ಕೋವಿಯನ್ನು ಮಡಿಚಿ ನೋಡಿದರೆ ತುಂಬಿದೆಯೋ ಖಾಲಿಯೋ ಕಣ್ಣಿಗೇ ಕಾಣುತ್ತದೆ. ಕೇಪಿನ ಕೋವಿಯ ಹಿಂಬದಿ ಮುಚ್ಚಿರುತ್ತದೆ. ಮದ್ದು, ನಾರಿನ ಉಂಡೆ, ಚರೆ ಎಲ್ಲವೂ ಬಾಯಿಯಿಂದಲೇ ಒಳಹೋಗಬೇಕು. ಕೇಪು ಇಲ್ಲವೆಂದ ಮಾತ್ರಕ್ಕೆ ಕೋವಿ ಖಾಲಿ ಎಂದಲ್ಲ. ಕಳೆದ ಹಂಗಾಮಿನಲ್ಲಿ ತುಂಬಿ, ಹಾರದೆ ಉಳಿದು, ಮರೆತುಹೋದ ಮದ್ದು ಒಳಗಿರಬಹುದು.

ಇದನ್ನು ತಿಳಿಯುವ ಉಪಾಯ ಮದ್ದು ಜಡಿಯುವ ಗಜದಲ್ಲೇ ಇದೆ. ಕೇಪು ಇದ್ದರೆ ತೆಗೆದು, ಬಾಯಿಯನ್ನು ಯಾರೂ ಇಲ್ಲದ ದಿಕ್ಕಿಗೆ ಓರೆಯಾಗಿ ಹಿಡಿದು, ತನ್ನ ಮುಖ ಮತ್ತು ಕೈಯನ್ನು ಬಾಯಿಯ ನೇರಕ್ಕೆ ತಾರದೆ ಗಜವನ್ನು ಒಳಗೆ ಜಾರಿಬಿಡಬೇಕು. ತಳ ಮುಟ್ಟಿದಾಗ ಬಾಯಿಯ ಅಂಚಿಗೆ ಗುರುತು ಹಾಕಿ, ಹೊರಗೆಳೆದು, ಅದೇ ಗುರುತನ್ನು ಬಾಯಿಗೆ ಸರಿಹೊಂದಿಸಿ ನಳಿಗೆಯ ಹೊರಮೈಗೆ ಒರಗಿಸಿ ನೋಡಬೇಕು. ಗಜದ ತುದಿ ಕೇಪು ಕೂರುವ ಜಾಗದವರೆಗೆ ಬಂದರೆ ಕೋವಿ ಖಾಲಿ. ಎರಡು ಮೂರು ಅಂಗುಲ ಮುಂಚೆಯೇ ನಿಂತರೆ ಒಳಗೆ ಏನೋ ಇದೆ. ಹಾಗಿದ್ದಲ್ಲಿ ಕೆರೆಯುವುದಾಗಲಿ, ಕಾಯಿಸುವುದಾಗಲಿ, ಮೇಲಿನಿಂದ ಇನ್ನಷ್ಟು ಜಡಿಯುವುದಾಗಲಿ ಕೂಡದು. ಆ ಕೋವಿ ಪರವಾನಗಿ ಪಡೆದ ದುರಸ್ತಿಗಾರನ ಕೈಗೇ ಹೋಗಬೇಕು.

ಈ ಮರೆವು ಹಳ್ಳಿಯ ರೈತನೊಬ್ಬನದೇ ಅಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ 1863ರ ಗೆಟಿಸ್‌ಬರ್ಗ್ ಕದನದ ನಂತರ ರಣಾಂಗಣದಿಂದ ಆಯ್ದು ತಂದ ಸುಮಾರು 27,500 ಬಂದೂಕುಗಳಲ್ಲಿ 24,000ದಷ್ಟು ತುಂಬಿದ ಸ್ಥಿತಿಯಲ್ಲೇ ಇದ್ದವೆಂದೂ, ಅವುಗಳಲ್ಲಿ ಅರ್ಧದಷ್ಟರಲ್ಲಿ ಒಂದರ ಮೇಲೊಂದರಂತೆ ಎರಡು ಸಲ ಮದ್ದು ತುಂಬಿತ್ತೆಂದೂ ವರದಿಯಾಗಿತ್ತು. ತರಬೇತಿ ಪಡೆದ ಸೈನಿಕರ ಪಾಡೇ ಹೀಗಿದ್ದಾಗ, ಕತ್ತಲಲ್ಲಿ ಆನೆಯ ಸದ್ದಿಗೆ ಎದ್ದು ಕುಳಿತವನ ಕೈ ತಪ್ಪುವುದು ಆಶ್ಚರ್ಯವಲ್ಲ. ತುಕ್ಕಿನಿಂದ ತೆಳುವಾದ ನಳಿಗೆಯಲ್ಲಿ ಎರಡು ಪಟ್ಟು ಮದ್ದು ಸಿಡಿದರೆ ಒಡೆಯುವುದು ನಳಿಗೆಯ ಹಿಂಬದಿ. ಹಾರಿಸುವವನ ಕಣ್ಣು ಮತ್ತು ಎಡಗೈ ಇರುವುದೂ ಅದರ ಹತ್ತಿರವೇ.

ಬಿಚ್ಚುವ ಕೆಲಸ ನೋಡುವುದಕ್ಕೆ ಸರಳ. ಗಜವನ್ನು ಹೊರತೆಗೆದು, ನಳಿಗೆಯನ್ನು ಮರಕ್ಕೆ ಹಿಡಿದಿರುವ ಬೆಣೆ ಅಥವಾ ಪಿನ್ನುಗಳನ್ನು ಮೆಲ್ಲಗೆ ತಳ್ಳಿದರೆ ನಳಿಗೆ ಬಿಡುತ್ತದೆ. ಕೇಪು ಕೂರುವ ಟೊಳ್ಳು ಮೊಳೆಯನ್ನು, ಅಂದರೆ ನಿಪ್ಪಲನ್ನು, ಅದರದೇ ಚಾವಿಯಿಂದ ತಿರುಗಿಸಬೇಕು. ಇಕ್ಕಳ ಹಾಕಿ ಮೂಲೆ ಸವೆಸಿದ ನಿಪ್ಪಲು ಮುಂದಿನ ಸಲ ಯಾರ ಕೈಗೂ ಬಗ್ಗುವುದಿಲ್ಲ. ಕುದುರೆ ಇರುವ ಪಕ್ಕದ ಯಂತ್ರವನ್ನು ಎರಡು ಸ್ಕ್ರೂ ಸಡಿಲಿಸಿ ಇಡಿಯಾಗಿ ತೆಗೆಯಬಹುದು. ಅದನ್ನು ಇನ್ನಷ್ಟು ಬಿಚ್ಚುವ ಕುತೂಹಲ ಮಾತ್ರ ಬೇಡ. ಅದರ ದೊಡ್ಡ ಸ್ಪ್ರಿಂಗ್ ಸದಾ ಬಿಗಿದೇ ಇರುತ್ತದೆ, ಹಿಡಿಕೆಯಿಲ್ಲದೆ ಬಿಚ್ಚಿದರೆ ಹಾರುತ್ತದೆ ಇಲ್ಲವೇ ಮುರಿಯುತ್ತದೆ. ನಳಿಗೆಯ ಹಿಂಬದಿಯ ತಿರುಪನ್ನಂತೂ ಮನೆಯಲ್ಲಿ ಮುಟ್ಟಲೇಬಾರದು. ತೆಗೆದ ಪ್ರತಿ ಸ್ಕ್ರೂವನ್ನು ತೆಗೆದ ಕ್ರಮದಲ್ಲೇ ಕಾಗದದ ಮೇಲೆ ಸಾಲಾಗಿ ಇಡುವುದು ಒಳ್ಳೆಯದು. ಎರಡು ಸ್ಕ್ರೂಗಳ ಉದ್ದ ಒಂದೇ ಇರುವುದಿಲ್ಲ. ಉದ್ದದ್ದು ಗಿಡ್ಡದರ ಜಾಗಕ್ಕೆ ಹೋದರೆ ಕುದುರೆ ಅರ್ಧದಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ.

ಬಿಚ್ಚುವುದು ಸುಲಭ, ಜೋಡಿಸುವುದು ಕಷ್ಟ ಎಂಬ ದೂರು ನಾಡಕೋವಿಗಷ್ಟೇ ಸೀಮಿತವಲ್ಲ. ಅಮೆರಿಕದ ರೂಗರ್ ಕಂಪನಿ 1949ರಲ್ಲಿ ಮಾರುಕಟ್ಟೆಗೆ ತಂದ ಪಾಯಿಂಟ್ 22 ಪಿಸ್ತೂಲು ಮತ್ತು ಅದರ ನಂತರದ ಗುರಿ ಅಭ್ಯಾಸದ ಮಾದರಿಗಳು ಈ ವಿಷಯದಲ್ಲಿ ಲೋಕಪ್ರಸಿದ್ಧ. ಅವುಗಳಲ್ಲಿ ಕುದುರೆಗೆ ತಗುಲಿದ ಸಣ್ಣ ಕಡ್ಡಿಯೊಂದು ಸ್ಪ್ರಿಂಗಿನ ಬಟ್ಟಲಿನ ಮೇಲೆಯೇ ಕೂರಬೇಕು. ಕಣ್ಣಿಗೆ ಕಾಣದ ಆ ಕಡ್ಡಿಯನ್ನು ಸರಿಯಾದ ಕಡೆ ಬೀಳಿಸಲು ಪಿಸ್ತೂಲನ್ನೇ ಹಿಂದೆ ಮುಂದೆ ವಾಲಿಸಬೇಕು. ತಪ್ಪಿದರೆ ಬೋಲ್ಟ್ ಪೂರ್ತಿ ಹಿಂದಕ್ಕೆ ಬರುವುದೇ ಇಲ್ಲ. ಎಷ್ಟೋ ಮಾಲೀಕರು ಈ ಭಯದಿಂದ ಪಿಸ್ತೂಲನ್ನು ಬಿಚ್ಚದೆಯೇ ವರ್ಷಗಟ್ಟಲೆ ಬಳಸಿದ್ದುಂಟು. ಕಂಪನಿ ಒಂದು ಗುಂಡಿ ಒತ್ತಿದರೆ ತೆರೆದುಕೊಳ್ಳುವ ಮಾದರಿಯನ್ನು ತಂದದ್ದು 2016ರಲ್ಲಿ, ಅರವತ್ತೇಳು ವರ್ಷಗಳ ನಂತರ. ಆ ಪಿಸ್ತೂಲು ಕೆಲಕಾಲ ಕೊಳೆಯನ್ನು ಸಹಿಸೀತು. ಕರಿಮದ್ದಿನ ಕೋವಿ ಒಂದು ಮಳೆಗಾಲವನ್ನೂ ಸಹಿಸುವುದಿಲ್ಲ.

ತೊಳೆಯುವುದಕ್ಕೆ ಬೇಕಾಗುವುದು ಒಂದು ಬಕೆಟ್ ಕುದಿಬಿಸಿ ನೀರು, ತುಸು ಸೋಪು, ಹತ್ತಿ ಬಟ್ಟೆಯ ತುಂಡು. ನಿಪ್ಪಲು ತೆಗೆದ ನಳಿಗೆಯ ಹಿಂಬದಿಯನ್ನು ನೀರಿನಲ್ಲಿ ಮುಳುಗಿಸಿ, ಬಟ್ಟೆ ಸುತ್ತಿದ ಗಜವನ್ನು ಬಾಯಿಯಿಂದ ಮೇಲೆ ಕೆಳಗೆ ಆಡಿಸಿದರೆ ನಳಿಗೆಯೇ ಪಿಚಕಾರಿಯಾಗಿ, ನಿಪ್ಪಲಿನ ತೂತಿನಿಂದ ನೀರನ್ನು ಒಳಗೆಳೆದು ಹೊರಗೆಸೆಯುತ್ತದೆ. ಮೊದಲ ನೀರು ಮಸಿಯಂತೆ ಕಪ್ಪಾಗಿ, ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ. ಅದು ಸಲ್ಫೈಡಿನ ವಾಸನೆ. ನೀರು ತಿಳಿಯಾಗಿ, ವಾಸನೆ ಹೋಗುವವರೆಗೆ ಬದಲಿಸುತ್ತಿರಬೇಕು. ಕೊನೆಯ ನೀರು ಕೈ ಸುಡುವಷ್ಟು ಬಿಸಿಯಿದ್ದರೆ ಕಾದ ನಳಿಗೆ ತನ್ನಷ್ಟಕ್ಕೆ ತಾನೇ ಒಣಗುತ್ತದೆ. ಆದರೂ ಒಣಬಟ್ಟೆಯನ್ನು ಹಲವು ಸಲ ಹಾಯಿಸಿ, ಬಿಸಿ ಆರುವ ಮುನ್ನವೇ ತೆಳುವಾಗಿ ಎಣ್ಣೆ ಹಚ್ಚಬೇಕು. ಎಣ್ಣೆಯ ಸರದಿ ಬರುವುದು ಇಲ್ಲಿಯೇ. ಕೊಬ್ಬರಿ ಎಣ್ಣೆ ಕಾಲಕ್ರಮದಲ್ಲಿ ಅಂಟಾಗುವುದರಿಂದ ಹೊಲಿಗೆ ಯಂತ್ರದ ಎಣ್ಣೆಯಂಥ ತೆಳು ಖನಿಜ ಎಣ್ಣೆ ಮೇಲು. ಧಾರಾಳತನವೂ ಬೇಡ. ಹೆಚ್ಚಾದ ಎಣ್ಣೆ ತಳಕ್ಕಿಳಿದು ನಿಪ್ಪಲಿನ ತೂತು ಮುಚ್ಚುತ್ತದೆ, ಮರಕ್ಕಿಳಿದರೆ ಮರ ಮೆತ್ತಗಾಗುತ್ತದೆ. ದೀರ್ಘಕಾಲ ಇಡುವುದಿದ್ದರೆ ಬಾಯಿ ಕೆಳಗಾಗಿ ನಿಲ್ಲಿಸುವುದು ಇದೇ ಕಾರಣಕ್ಕೆ.

ಜೋಡಿಸಿದ ಮೇಲೆ ಒಂದು ಪರೀಕ್ಷೆ ಉಳಿಯುತ್ತದೆ. ಖಾಲಿ ಕೋವಿಯ ಕುದುರೆಯನ್ನು ಅರ್ಧಕ್ಕೆ ಎಳೆದು ನಿಲ್ಲಿಸಿ ಟ್ರಿಗರ್ ಒತ್ತಿದರೆ ಕುದುರೆ ಬೀಳಬಾರದು. ಬಿದ್ದರೆ ಒಳಗಿನ ಕಚ್ಚು ಸವೆದಿದೆ ಎಂದರ್ಥ. ಅಂಥ ಕೋವಿಯನ್ನು ಹೊಲಕ್ಕೆ ಒಯ್ಯಬಾರದು.

ಹಿಂದೆ ಇಂಥ ದೋಷಗಳನ್ನು ಊರ ಕುಲುಮೆಯಲ್ಲೇ ಸರಿಪಡಿಸಿಕೊಳ್ಳುವ ರೂಢಿ ಇತ್ತು. ಪರವಾನಗಿಯಿಲ್ಲದೆ ಶಸ್ತ್ರ ದುರಸ್ತಿ ಮಾಡುವುದು ಈಗ ಅಪರಾಧ. ಹುಣಸೂರಿನಿಂದ ಮೈಸೂರು ಸುಮಾರು 45 ಕಿಲೋಮೀಟರ್, ಪಿರಿಯಾಪಟ್ಟಣದಿಂದ ಸುಮಾರು 70. ವಯಸ್ಸಾದ ಪರವಾನಗಿದಾರರು ತಾವೇ ಹೋಗಲಾಗದೆ ಕೋವಿಯನ್ನು ಮೂಲೆಗೆ ಒರಗಿಸಿಬಿಡಲು ಈ ದೂರವೂ ಒಂದು ಕಾರಣವಾಗುತ್ತದೆ. ಆದರೆ ಕಾಯ್ದೆಯ 3ನೇ ಕಲಮಿನಲ್ಲಿ ಇದಕ್ಕೆ ದಾರಿಯಿದೆ. ಪರವಾನಗಿದಾರನ ಲಿಖಿತ ಅಧಿಕಾರಪತ್ರ ಇದ್ದರೆ ದುರಸ್ತಿಗಾಗಿ ಅಥವಾ ಪರವಾನಗಿ ನವೀಕರಣಕ್ಕಾಗಿ ಕೋವಿಯನ್ನು ಮಗನೋ ಅಳಿಯನೋ ಒಯ್ಯಬಹುದು. ಬಾಯಿಯ ಅಂಚು ತುಕ್ಕು ತಿಂದಿತೆಂದು ನಾಲ್ಕು ಅಂಗುಲ ಕತ್ತರಿಸಿ ಹಾಕುವ ಸಲಹೆ ಯಾರೇ ಕೊಟ್ಟರೂ ಕೇಳುವಂತಿಲ್ಲ. ಅನುಮತಿಯಿಲ್ಲದೆ ನಳಿಗೆ ಗಿಡ್ಡ ಮಾಡುವುದನ್ನು 6ನೇ ಕಲಮು ನಿಷೇಧಿಸಿದೆ.

ಮುಂದಿನ ಸಲ ಠೇವಣಿಯ ಆದೇಶ ಬಂದಾಗ ರೈತನ ಮುಂದೆ ಎರಡು ದಾರಿಗಳಿರುತ್ತವೆ. ಬೆಳೆ ರಕ್ಷಣೆಗೆ ಕೋವಿ ಅನಿವಾರ್ಯವೆನಿಸಿದರೆ ಜಿಲ್ಲಾ ಪರಿಶೀಲನಾ ಸಮಿತಿಗೆ ವಿನಾಯಿತಿ ಕೋರಿ ಅರ್ಜಿ ಸಲ್ಲಿಸುವುದು ಒಂದು. ಇನ್ನೊಂದು, ಗಜದಿಂದ ಅಳೆದು ಖಾಲಿ ಎಂದು ಖಚಿತಪಡಿಸಿಕೊಂಡು, ತೊಳೆದು, ಒಣಗಿಸಿ, ಎಣ್ಣೆ ಹಚ್ಚಿ ಒಪ್ಪಿಸುವುದು. ರಸೀದಿಯಲ್ಲಿ ಕೋವಿಯ ಸಂಖ್ಯೆಯ ಜೊತೆಗೆ ಅದರ ಸ್ಥಿತಿಯನ್ನೂ ಬರೆಸಿಕೊಂಡರೆ ಮುಂದೆ ಮಾತು ಬೆಳೆಯುವುದಿಲ್ಲ. ಮರಳಿ ಪಡೆದ ದಿನವೇ ಮತ್ತೊಮ್ಮೆ ಗಜ ಇಳಿಸಿ ಅಳೆಯಬೇಕು. ಕೊಟ್ಟಾಗ ಖಾಲಿ ಇತ್ತು ಎಂಬ ನೆನಪನ್ನು ನಂಬಿ ಕೇಪು ಕೂರಿಸಬಾರದು.